ರೇಡಾನ್ ಸ್ನಾನದ ಚರಿತ್ರೆ ಮತ್ತು ಶಿವಮೊಗ್ಗ–ಭದ್ರಾವತಿಯ ಕೊಳವೆಬಾವಿ ನೀರು: ಚಿಕಿತ್ಸೆ, ಪ್ರಮಾಣ ಮತ್ತು ಪರಿಚಾರಕರ ಪ್ರಶ್ನೆ

ಆಸ್ಟ್ರಿಯದ ಬಾದ್ ಗಾಸ್ಟೈನ್‌ನಲ್ಲಿ ಕೀಲು ಹಿಡಿದ ರೋಗಿಗಳು ವೈದ್ಯರ ಚೀಟಿ ಪಡೆದು, ರೇಡಾನ್ ಅನಿಲ ತುಂಬಿದ ಗಣಿಸುರಂಗದೊಳಗೆ ಸುಮಾರು ಒಂದು ಗಂಟೆ ಮಲಗಿ ಬರುತ್ತಾರೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಭೌತಶಾಸ್ತ್ರ ಸಂಶೋಧಕರು ಅದೇ ಅನಿಲವನ್ನು ಶಿವಮೊಗ್ಗ ಜಿಲ್ಲೆಯ ಕುಡಿಯುವ ನೀರಿನಲ್ಲಿ ಅಳೆದಿದ್ದಾರೆ. ಅವರ ಅಳತೆಯ ಉದ್ದೇಶ ಜನರಿಗೆ ತಗಲುವ ವಿಕಿರಣದ ಅಪಾಯವನ್ನು ಅಂದಾಜು ಮಾಡುವುದು. ಒಂದು ಕಡೆ ಮದ್ದು, ಇನ್ನೊಂದು ಕಡೆ ಕಲ್ಮಶ. ಎರಡು ಕೆಲಸಗಳೂ ವಿಜ್ಞಾನದ ಹೆಸರಿನಲ್ಲಿಯೇ ನಡೆದಿರುವುದರಿಂದ ಇವುಗಳಲ್ಲಿ ಒಂದು ಸುಳ್ಳಿರಬೇಕೆಂದು ತೋರುವುದು ಸಹಜ. ಆದರೆ ರೇಡಾನ್ ಚಿಕಿತ್ಸೆಯ ನೂರಿಪ್ಪತ್ತು ವರ್ಷಗಳ ಚರಿತ್ರೆಯನ್ನು ಅಂಕಿಗಳ ಸಮೇತ ಓದಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಈ ಅನಿಲದ ವಿಷಯದಲ್ಲಿ ನಿರ್ಣಾಯಕವಾದದ್ದು ಅದು ಎಷ್ಟಿದೆ, ಅದರೊಡನೆ ಯಾರು ಎಷ್ಟು ಹೊತ್ತು ಇರುತ್ತಾರೆ ಎಂಬ ಲೆಕ್ಕ. ಆ ಲೆಕ್ಕವನ್ನು ಶಿವಮೊಗ್ಗ–ಭದ್ರಾವತಿಯ ನೀರಿಗೆ ಹಾಕಿದಾಗ ಸಿಗುವ ಉತ್ತರವೇ ಈ ಲೇಖನದ ವಾದ: ಇಲ್ಲಿನ ಕೊಳವೆಬಾವಿಯ ರೇಡಾನ್ ರೋಗಿಗೆ ಚಿಕಿತ್ಸೆಯಾಗುವಷ್ಟಿಲ್ಲ, ಆದರೆ ಮುಚ್ಚಿದ ಸ್ನಾನದ ಕೋಣೆಯಲ್ಲಿ ದಿನವಿಡೀ ದುಡಿಯುವ ಪರಿಚಾರಕರ ಮಟ್ಟಿಗೆ ಅದನ್ನು ಕಡೆಗಣಿಸುವಂತೆಯೂ ಇಲ್ಲ.

ರೇಡಾನನ್ನು ಮದ್ದೆಂದು ಕಂಡ ಕಾಲವನ್ನು ಅರಿಯಲು 20ನೆಯ ಶತಮಾನದ ಮೊದಲ ದಶಕಕ್ಕೆ ಹೋಗಬೇಕು. 1898ರಲ್ಲಿ ಕ್ಯೂರಿ ದಂಪತಿ ಬೊಹೀಮಿಯದ ಯಾಖಿಮೊವ್ ಗಣಿಯ ಅದಿರಿನಲ್ಲಿ ರೇಡಿಯಂ ಇರುವುದನ್ನು ತೋರಿಸಿದರು. ಎರಡೇ ವರ್ಷಗಳಲ್ಲಿ, 1900ರಲ್ಲಿ, ಜರ್ಮನಿಯ ಹಾಲೆಯಲ್ಲಿ ಫ್ರೆಡ್ರಿಕ್ ಎರ್ನ್‌ಸ್ಟ್ ಡಾರ್ನ್ ರೇಡಿಯಂನಿಂದ ಹೊಮ್ಮುವ ವಿಕಿರಣಶೀಲ ಅನಿಲವನ್ನು ಗುರುತಿಸಿದನು. ಅನಂತರ ಜೆ. ಜೆ. ಥಾಮ್ಸನ್ ಬಾವಿಯ ನೀರಿನಲ್ಲಿ ಅಂಥದೇ ಅನಿಲವಿರುವುದನ್ನು ಕಂಡನು. 1904ರಲ್ಲಿ ಹೈನ್‌ರಿಕ್ ಮಾಖೆ ಗಾಸ್ಟೈನ್ ಬುಗ್ಗೆಗಳನ್ನೂ, ಪಿಯರ್ ಕ್ಯೂರಿ ಮತ್ತು ಲಾಬೋರ್ಡ್ ಬೇರೆ ಹಲವು ಬಿಸಿನೀರ ಬುಗ್ಗೆಗಳ ಅನಿಲವನ್ನೂ ಅಳೆದರು. ಯುರೋಪಿನ ಆರೋಗ್ಯಧಾಮಗಳನ್ನು ಬಹುಕಾಲದಿಂದ ಕಾಡುತ್ತಿದ್ದ ಒಂದು ತೊಡಕಿಗೆ ಇಲ್ಲಿ ಪರಿಹಾರ ದೊರಕಿದಂತಾಯಿತು. ಬುಗ್ಗೆಯ ನೀರಿನ ಲವಣಗಳನ್ನು ಅದೇ ಅಳತೆಯಲ್ಲಿ ಬೆರೆಸಿ ಕೃತಕ ನೀರು ಮಾಡಿದರೆ ಅದು ಬುಗ್ಗೆಯಷ್ಟು ಫಲ ಕೊಡುವುದಿಲ್ಲವೆಂಬುದು ಅಲ್ಲಿನ ವೈದ್ಯರ ದೂರು. ಸೀಸೆಯಲ್ಲಿ ಒಯ್ದ ನೀರು ಕೆಲವೇ ದಿನಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆಂಬುದು ಅವರ ಇನ್ನೊಂದು ನಂಬಿಕೆ. 3.82 ದಿನಗಳ ಅರ್ಧಾಯುಷ್ಯವಿರುವ ಒಂದು ಅನಿಲ ಎರಡನ್ನೂ ಒಂದೇ ಏಟಿಗೆ ವಿವರಿಸುವಂತೆ ತೋರಿತು. 1906ರಲ್ಲಿ ಯಾಖಿಮೊವ್‌ನಲ್ಲಿ ಗಣಿಯ ನೀರಿನಿಂದ ಸ್ನಾನ ಚಿಕಿತ್ಸೆ ಶುರುವಾಯಿತು. 1912ರ ಹೊತ್ತಿಗೆ ಅಲ್ಲಿ ರೇಡಿಯಂ ಪ್ಯಾಲೇಸ್ ಎಂಬ ಭವ್ಯ ಹೋಟೆಲು ಎದ್ದು ನಿಂತಿತು. ಗಾಸ್ಟೈನ್ ಅಳೆದವನ ಹೆಸರಿನ ಮಾಖೆ ಎಂಬ ಮಾನ ಬುಗ್ಗೆಗಳ ಜಾಹೀರಾತಿಗೂ ಬಂದಿತು. ಒಂದು ಮಾಖೆ ಎಂದರೆ ಇಂದಿನ ಲೆಕ್ಕದಲ್ಲಿ ಲೀಟರಿಗೆ ಸುಮಾರು 13.5 ಬೆಕ್ವೆರೆಲ್. ಯಾವ ಬುಗ್ಗೆಗೆ ಎಷ್ಟು ಮಾಖೆ ಎಂಬ ಪೈಪೋಟಿ ನಡೆಯುತ್ತಿತ್ತೇ ಹೊರತು, ಎಷ್ಟು ಮಾಖೆಯಿಂದ ಯಾವ ರೋಗಿಗೆ ಏನಾಗುತ್ತದೆಂಬ ಹೋಲಿಕೆಯ ಪರೀಕ್ಷೆ ನಡೆದಿರಲಿಲ್ಲ.

ಈ ಉತ್ಸಾಹ ಎಲ್ಲಿ ಕೆಟ್ಟಿತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಮ್ಮ ಪ್ರಶ್ನೆಗೆ ಬೇಕಾದ ಪಾಠ ಅಲ್ಲಿದೆ. ರೇಡಾನ್ ಕೆಲವೇ ದಿನಗಳಲ್ಲಿ ಕ್ಷಯಿಸುವುದರಿಂದ ಅದನ್ನು ಸೀಸೆಯಲ್ಲಿ ತುಂಬಿ ಮಾರುವುದು ವ್ಯಾಪಾರಿಗಳಿಗೆ ಸಾಧ್ಯವಿರಲಿಲ್ಲ. ಹಾಗಾಗಿ ಅಮೆರಿಕದ ಕೆಲವರು ನೀರಿಗೆ ರೇಡಿಯಂ ಅನ್ನೇ ಬೆರೆಸಿ ಮಾರತೊಡಗಿದರು. ವಿಲಿಯಂ ಬೈಲಿ ಮಾರಿದ ರೇಡಿಥಾರ್ ಅಂಥ ಪಾನೀಯ. ರೇಡಾನ್ ಉಸಿರಿನೊಡನೆ ಬಂದು ಬಹುಪಾಲು ಉಸಿರಿನೊಡನೆಯೇ ಹೊರಟುಹೋಗುತ್ತದೆ. ರೇಡಿಯಂ ಹಾಗಲ್ಲ, ಸುಣ್ಣದಂತೆ ಮೂಳೆಯಲ್ಲಿ ನೆಲೆಯೂರುತ್ತದೆ. ರೇಡಿಥಾರನ್ನು ವರ್ಷಗಟ್ಟಲೆ ಕುಡಿದ ಶ್ರೀಮಂತ ಉದ್ಯಮಿ ಎಬೆನ್ ಬೈಯರ್ಸ್ ದವಡೆಯ ಮೂಳೆ ಕೊಳೆತು 1932ರಲ್ಲಿ ತೀರಿಕೊಂಡ ಮೇಲೆ ರೇಡಿಯಂ ಪಾನೀಯಗಳ ಕಾಲ ಮುಗಿಯಿತು. ಶ್ರೀಮಂತನೊಬ್ಬನ ಸಾವು ಪತ್ರಿಕೆಗಳ ಮುಖಪುಟಕ್ಕೆ ಬಂತು. ಅದಕ್ಕಿಂತ ಅರ್ಧ ಶತಮಾನ ಮೊದಲೇ, 1879ರಲ್ಲಿ, ಜರ್ಮನಿಯ ಷ್ನೇಬರ್ಗ್ ಗಣಿಯ ಕೂಲಿಕಾರರು ಶ್ವಾಸಕೋಶದ ಗಂತಿಯಿಂದ ಸಾಯುತ್ತಿದ್ದಾರೆಂದು ಹೆರ್ಟಿಂಗ್ ಮತ್ತು ಹೆಸ್ಸೆ ಎಂಬ ವೈದ್ಯರು ಬರೆದಿದ್ದರು. 1920ರ ದಶಕದಲ್ಲಿ ಅದಕ್ಕೆ ಗಣಿಯ ಗಾಳಿಯಲ್ಲಿನ ರೇಡಾನ್ ಕಾರಣವಿರಬಹುದೆಂಬ ಊಹೆ ಬಂತು. ಯಾಖಿಮೊವ್‌ನ ಕಥೆ ಇನ್ನೂ ಕಠೋರ. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಗಣಿಗಳಲ್ಲಿ ಸೋವಿಯತ್ ಒಕ್ಕೂಟಕ್ಕಾಗಿ ಯುರೇನಿಯಂ ತೆಗೆಯಲು ರಾಜಕೀಯ ಕೈದಿಗಳನ್ನು ದುಡಿಸಲಾಯಿತು. ಆರೋಗ್ಯಧಾಮದ ಅತಿಥಿ ಅಳೆದು ಕೊಟ್ಟ ರೇಡಾನಿನಲ್ಲಿ ಮೀಯುತ್ತಿದ್ದ ಊರಿನಲ್ಲಿಯೇ ಕೈದಿ ಅಳತೆಯಿಲ್ಲದ ರೇಡಾನನ್ನು ಉಸಿರಾಡುತ್ತಿದ್ದನು. ಮುಂದೆ ಚೆಕ್ ಯುರೇನಿಯಂ ಗಣಿಗಾರರನ್ನು ದಶಕಗಳ ಕಾಲ ಹಿಂಬಾಲಿಸಿ ಮಾಡಿದ ಅಧ್ಯಯನಗಳು, ರೇಡಾನ್ ಹೆಚ್ಚಿದಂತೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚುತ್ತದೆಂಬುದಕ್ಕೆ ಮುಖ್ಯ ಆಧಾರಗಳಾದವು. 1988ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಾನನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. ರೇಡಾನಿನ ಹಾನಿಯನ್ನು ಜಗತ್ತಿಗೆ ಕಲಿಸಿದವರು ರೋಗಿಗಳಲ್ಲ, ಕೂಲಿಕಾರರು. ಚಿಕಿತ್ಸೆಯ ಚರಿತ್ರೆ ಬರೆಯುವವರು ಈ ಅಂಶವನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಇಷ್ಟಾದರೂ ಮಧ್ಯ ಯುರೋಪಿನಲ್ಲಿ ರೇಡಾನ್ ಚಿಕಿತ್ಸೆ ಉಳಿಯಿತು. 1940ರ ದಶಕದ ಮೊದಲ ವರ್ಷಗಳಲ್ಲಿ ಗಾಸ್ಟೈನ್ ಬಳಿಯ ರಾಡ್‌ಹೌಸ್‌ಬೆರ್ಗ್ ಬೆಟ್ಟದಲ್ಲಿ ಚಿನ್ನಕ್ಕಾಗಿ ಸುರಂಗ ಕೊರೆದಾಗ ಚಿನ್ನ ಹೆಚ್ಚು ಸಿಗಲಿಲ್ಲ. ಕೆಲಸಗಾರರು ತಮ್ಮ ಕೀಲುನೋವು ಇಳಿಯಿತೆಂದರು. ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದವರು ಅದನ್ನು ಪರಿಶೀಲಿಸಿದ ಮೇಲೆ 1952ರಲ್ಲಿ ಆ ಸುರಂಗ ಚಿಕಿತ್ಸಾಲಯವಾಯಿತು. ಅಲ್ಲಿನ ಗಾಳಿಯಲ್ಲಿ ಘನ ಮೀಟರಿಗೆ ಸರಾಸರಿ 44,000 ಬೆಕ್ವೆರೆಲ್ ರೇಡಾನ್, 37ರಿಂದ 41.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 70ಕ್ಕೂ ಮೀರಿದ ತೇವಾಂಶ. ಮೂರು ನಾಲ್ಕು ವಾರಗಳಲ್ಲಿ ಹತ್ತು ಹನ್ನೆರಡು ಸರದಿ. ಇಡೀ ಚಿಕಿತ್ಸೆಯಿಂದ ದೇಹಕ್ಕೆ ಸೇರುವ ವಿಕಿರಣ ಸುಮಾರು 2 ಮಿಲಿಸೀವರ್ಟ್. ಜಗತ್ತಿನ ಸಾಮಾನ್ಯ ಮನುಷ್ಯನಿಗೆ ನಿಸರ್ಗದ ಎಲ್ಲ ಮೂಲಗಳಿಂದ ವರ್ಷಕ್ಕೆ ದಕ್ಕುವುದು ಸರಾಸರಿ 2.4 ಮಿಲಿಸೀವರ್ಟ್. ಜರ್ಮನಿಯ ಆರೋಗ್ಯಧಾಮಗಳ ನಿಯಮದಲ್ಲಿ ಒಂದು ನೀರು ರೇಡಾನ್ ನೀರು ಎನಿಸಿಕೊಳ್ಳಲು ಲೀಟರಿಗೆ ಕನಿಷ್ಠ 666 ಬೆಕ್ವೆರೆಲ್ ಇರಬೇಕು. ಯಾಖಿಮೊವ್ ನೀರಿನಲ್ಲಿ ಅದು ಸಾವಿರಾರು ಬೆಕ್ವೆರೆಲ್. ಈ ಅಂಕಿಗಳನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಶಿವಮೊಗ್ಗದ ನೀರಿನ ತೀರ್ಮಾನ ಇವುಗಳ ಮೇಲೆಯೇ ನಿಂತಿದೆ.

ಚಿಕಿತ್ಸೆಯಿಂದ ಲಾಭವಿದೆಯೇ? ಇದೆ, ಆದರೆ ಸೀಮಿತ. ನೆದರ್‌ಲೆಂಡ್ಸ್‌ನ ಫಾನ್ ಟ್ಯೂಬರ್ಗನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆನ್ನುಮೂಳೆ ಬಿಗಿದು ಬಾಗುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನ 120 ರೋಗಿಗಳನ್ನು ಮೂರು ಗುಂಪು ಮಾಡಲಾಗಿತ್ತು. ಒಂದು ಗುಂಪು ಗಾಸ್ಟೈನ್ ಸುರಂಗಕ್ಕೆ, ಇನ್ನೊಂದು ರೇಡಾನ್ ಇಲ್ಲದ ಡಚ್ ಆರೋಗ್ಯಧಾಮಕ್ಕೆ ಹೋಯಿತು. ಮೂರನೆಯದು ಮನೆಯಲ್ಲಿಯೇ ಎಂದಿನ ಔಷಧ, ವ್ಯಾಯಾಮ ಮುಂದುವರಿಸಿತು. ಹೊರಗೆ ಹೋದ ಎರಡು ಗುಂಪುಗಳೂ ಸುಧಾರಿಸಿದವು. ಗಾಸ್ಟೈನ್ ಗುಂಪಿನ ಲಾಭ 40 ವಾರಗಳವರೆಗೆ ನಿಂತಿತು, ಇನ್ನೊಂದರದು ಬೇಗ ಇಳಿಯಿತು. ಜರ್ಮನಿಯ ಬಾದ್ ಬ್ರಾಂಬಾಖ್‌ನಲ್ಲಿ ಫ್ರಾಂಕೆ ಮತ್ತು ಸಂಗಡಿಗರು ಆಮವಾತದ 60 ರೋಗಿಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಜಾಣತನದ್ದು: ಎರಡೂ ಗುಂಪಿಗೆ ಇಂಗಾಲದ ಡೈಆಕ್ಸೈಡ್ ಬೆರೆತ ನೀರು, ಒಂದಕ್ಕೆ ಮಾತ್ರ ಲೀಟರಿಗೆ ಸುಮಾರು 1,300 ಬೆಕ್ವೆರೆಲ್ ರೇಡಾನ್. ಚಿಕಿತ್ಸೆ ಮುಗಿದ ದಿನ ಎರಡೂ ಗುಂಪುಗಳ ನೋವು ಒಂದೇ ಬಗೆಯಲ್ಲಿ ಇಳಿದಿತ್ತು. ಆರು ತಿಂಗಳ ನಂತರ ರೇಡಾನ್ ಗುಂಪು ಮುಂದಿತ್ತು. 2013ರಲ್ಲಿ ಪ್ರಕಟವಾದ, ಏಳು ಆರೋಗ್ಯಧಾಮಗಳ 681 ರೋಗಿಗಳ ದೊಡ್ಡ ಪ್ರಯೋಗದ ಒಲವೂ ರೇಡಾನಿನ ಕಡೆಗೇ ಇತ್ತು. ಇವೆಲ್ಲದರಿಂದ ಎರಡು ಮಾತುಗಳನ್ನು ಧೈರ್ಯವಾಗಿ ಹೇಳಬಹುದು. ಮೊದಲನೆಯದು, ಆರೋಗ್ಯಧಾಮದಲ್ಲಿ ಕೂಡಲೇ ಸಿಗುವ ಆರಾಮ ಬಹುಪಾಲು ಬಿಸಿಯದು, ವಿಶ್ರಾಂತಿಯದು, ವ್ಯಾಯಾಮದ್ದು. ರೇಡಾನ್ ಇಲ್ಲದವರಿಗೂ ಅದು ದಕ್ಕಿದೆ. ಎರಡನೆಯದು, ರೇಡಾನಿನದೆನ್ನಬಹುದಾದ ಪಾಲು ತಿಂಗಳುಗಳ ನಂತರ ಕಾಣುವ ಹೆಚ್ಚುವರಿ ಉಪಶಮನ. ಅದು ಕೀಲು ಮತ್ತು ಬೆನ್ನಿನ ರೋಗಗಳಿಗೆ ಮಾತ್ರ, ಮೇಲೆ ಹೇಳಿದ ಪ್ರಮಾಣದಲ್ಲಿ ಮಾತ್ರ ಕಂಡದ್ದು. ಮಧುಮೇಹಕ್ಕೆ, ರಕ್ತದೊತ್ತಡಕ್ಕೆ, ಯೌವನ ಉಳಿಸಿಕೊಳ್ಳುವುದಕ್ಕೆ ಈ ಪುರಾವೆಯನ್ನು ಎಳೆದು ತರಲು ದಾರಿಯಿಲ್ಲ.

ಇನ್ನು ನಮ್ಮ ನೆಲಕ್ಕೆ ಬರೋಣ. ಮೈಸೂರು ಸಂಸ್ಥಾನದ ಕಲ್ಲುಗಳ ವಿಕಿರಣಶೀಲತೆಯ ವಿಚಾರ ಹೊಸದೇನಲ್ಲ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಇ. ವಾಟ್ಸನ್ ಮೈಸೂರು ರಾಜ್ಯದ ಆರ್ಕಿಯನ್ ಶಿಲೆಗಳ ವಿಕಿರಣಶೀಲತೆಯನ್ನು ಕುರಿತು 1918ರಲ್ಲಿಯೇ ಫಿಲಸಾಫಿಕಲ್ ಮ್ಯಾಗಜೀನ್‌ನಲ್ಲಿ ಬರೆದರು. ವಾಟ್ಸನ್ ಲಂಡನ್ನಿನಲ್ಲಿ ರಸಾಯನವಿಜ್ಞಾನಿ ವಿಲಿಯಂ ರಾಮ್ಸೆಯ ಬಳಿ ವಿರಳ ಅನಿಲಗಳ ಮೇಲೆ ಪಳಗಿ ಬಂದವರು. ಯುರೋಪಿನಲ್ಲಿ ರೇಡಿಯಂ ಸ್ನಾನದ ಭರಾಟೆ ಇನ್ನೂ ಇಳಿಯದ ಕಾಲದಲ್ಲಿ ಮೈಸೂರಿನಲ್ಲಿ ಮೊದಲು ಅಳತೆಯ ಕೆಲಸ ನಡೆಯಿತೆಂಬುದು ನಮ್ಮ ವಿಜ್ಞಾನದ ಚರಿತ್ರೆಯಲ್ಲಿ ಹೆಮ್ಮೆಪಡಬೇಕಾದ ಸಂಗತಿ. ಶಿವಮೊಗ್ಗ ಸೀಮೆಯ ನೆಲ ಎರಡು ಬಗೆಯದು. ಒಂದು, ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಹೊತ್ತ ಧಾರವಾಡ ಪದರಶಿಲೆಗಳು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನೆಚ್ಚಿಕೊಂಡದ್ದು ಇಂಥ ಶಿಲೆಯ ಬಾಬಾಬುಡನ್ ಶ್ರೇಣಿಯನ್ನು. ಇನ್ನೊಂದು, ಅವುಗಳ ಸುತ್ತ ಹಾಸಿರುವ ಪರ್ಯಾಯದ್ವೀಪ ನೀಸ್ ಮತ್ತು ಅಲ್ಲಲ್ಲಿ ತಲೆಯೆತ್ತಿದ ಗ್ರಾನೈಟ್. ರೇಡಾನಿನ ಮೂಲವಾದ ಯುರೇನಿಯಂ ಸಾಮಾನ್ಯವಾಗಿ ಮೊದಲನೆಯದರಲ್ಲಿ ಕಡಿಮೆ, ಎರಡನೆಯದರಲ್ಲಿ ಹೆಚ್ಚು. ಅಕ್ಕಪಕ್ಕದ ಎರಡು ಹಳ್ಳಿಗಳ ಕೊಳವೆಬಾವಿಗಳಲ್ಲಿ ರೇಡಾನ್ ಬೇರೆ ಬೇರೆಯಾಗಿರುವುದಕ್ಕೆ ಇದೊಂದು ಕಾರಣ.

ನೀರು ಎಲ್ಲಿಂದ ಬಂತೆಂಬುದು ಇನ್ನೊಂದು ಕಾರಣ. ಶಿವಮೊಗ್ಗ ನಗರದ ನಲ್ಲಿಗೆ ತುಂಗೆಯ ನೀರು, ಭದ್ರಾವತಿಯ ನಲ್ಲಿಗೆ ಭದ್ರೆಯ ನೀರು. ಬಯಲಲ್ಲಿ ಹರಿಯುವ ಹೊಳೆಯ ನೀರಿನಲ್ಲಿ ರೇಡಾನ್ ನಿಲ್ಲುವುದಿಲ್ಲ, ಗಾಳಿಗೆ ಹಾರಿಹೋಗುತ್ತದೆ. ತೆರೆದ ಬಾವಿಯಲ್ಲೂ ಬಹುಮಟ್ಟಿಗೆ ಹಾಗೆಯೇ. ಬಂಡೆಯ ಬಿರುಕಿನಲ್ಲಿ ಗಾಳಿ ಕಾಣದೆ ನಿಂತ ಆಳದ ನೀರನ್ನು ಪಂಪಿನಿಂದ ನೇರವಾಗಿ ಮೇಲೆತ್ತಿದಾಗ ಮಾತ್ರ ಅನಿಲ ಅದರೊಡನೆ ಬರುತ್ತದೆ. ಹಾಗಾಗಿ ಇದು ನಲ್ಲಿನೀರಿನ ಪ್ರಶ್ನೆಯಲ್ಲ. ಬೋರ್‌ವೆಲ್ ನಂಬಿದ ಹಳ್ಳಿಗಳ, ಊರ ಹೊರಗಿನ ಬಡಾವಣೆಗಳ, ತೋಟದ ನಡುವಿನ ವಸತಿಗೃಹಗಳ ಪ್ರಶ್ನೆ. ಕುವೆಂಪು ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಳತೆಗಳ ಪ್ರಕಾರ ಜಿಲ್ಲೆಯ ಹಲವು ಮಾದರಿಗಳು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1999ರಲ್ಲಿ ಸೂಚಿಸಿದ ಲೀಟರಿಗೆ 11.1 ಬೆಕ್ವೆರೆಲ್ ಮಿತಿಯನ್ನು ದಾಟಿವೆ. ಈ ಮಾತು ಕೇಳಿ ಗಾಬರಿಯಾಗುವ ಅಗತ್ಯವಿಲ್ಲ. ಆ ಮಿತಿ ಪ್ರಸ್ತಾವವಾಗಿಯೇ ಉಳಿಯಿತು, ಅಂತಿಮ ನಿಯಮವಾಗಲಿಲ್ಲ. ಐರೋಪ್ಯ ಒಕ್ಕೂಟ 2013ರ ನಿರ್ದೇಶನದಲ್ಲಿ ಇಟ್ಟುಕೊಂಡ ಸೂಚಕ ಮಟ್ಟ ಲೀಟರಿಗೆ 100 ಬೆಕ್ವೆರೆಲ್. ಮನೆಬಳಕೆಯ ನೀರಿನಲ್ಲಿ ಇರುವ ರೇಡಾನಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಮನೆಯ ಗಾಳಿಗೆ ಸೇರುತ್ತದೆಂಬುದು ಒಪ್ಪಿತ ಅಂದಾಜು. ಅಂದರೆ 11.1 ಬೆಕ್ವೆರೆಲ್ ನೀರಿನಿಂದ ಗಾಳಿಗೆ ಸೇರುವುದು ಘನ ಮೀಟರಿಗೆ 1.1 ಬೆಕ್ವೆರೆಲ್. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯ ಗಾಳಿಗೆ ಸೂಚಿಸಿದ ಮಟ್ಟ 100. ಅದು ಸಾಧ್ಯವಾಗದ ಕಡೆ 300 ಮೀರಬಾರದು. ನೀರು ಕುದಿಸಿದರೆ ಅಥವಾ ಎತ್ತರದಿಂದ ಸುರಿದು ಗಾಳಿಯಾಡಿಸಿದರೆ ರೇಡಾನ್ ಬಹುತೇಕ ಹೋಗುತ್ತದೆ.

ಹಾಗಾದರೆ ಇದೇ ನೀರನ್ನು ಚಿಕಿತ್ಸೆಗೆ ಬಳಸಿದರೆ? ಪ್ರಕೃತಿ ಚಿಕಿತ್ಸೆಯ ಕಟಿಸ್ನಾನ, ತೊಟ್ಟಿಸ್ನಾನ, ಹಬೆಸ್ನಾನಗಳು ಕರ್ನಾಟಕದಲ್ಲಿ ಚೆನ್ನಾಗಿ ಬೇರುಬಿಟ್ಟಿವೆ. ಉಜಿರೆಯಲ್ಲಿ ಅದರ ಕಾಲೇಜು 1989ರಿಂದ ನಡೆಯುತ್ತಿದೆ. ಮಲೆನಾಡಿನ ರೆಸಾರ್ಟುಗಳಲ್ಲಿಯೂ ಸ್ಪಾ ಎಂಬ ಮಾತು ಈಗ ಸಾಮಾನ್ಯ. ಇಂಥ ಒಂದು ಸ್ನಾನದ ಕೋಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ: ಒಂಬತ್ತಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ, ಅಂದರೆ ಸುಮಾರು 20 ಘನ ಮೀಟರ್. ತೊಟ್ಟಿಗೆ 200 ಲೀಟರ್ ನೀರು. ಬೋರಿನಿಂದ ನೇರವಾಗಿ ಬಂದ ಆ ನೀರಿನಲ್ಲಿ ಲೀಟರಿಗೆ 30 ಬೆಕ್ವೆರೆಲ್ ಇದೆಯೆಂದು ಹಿಡಿಯೋಣ. ಬಿಸಿ ಮಾಡಿ, ಸುರಿದು, ಕದಡಿದಾಗ ಎಲ್ಲ ರೇಡಾನೂ ಗಾಳಿಗೆ ಬಂದರೆ 6,000 ಬೆಕ್ವೆರೆಲ್. ಕೋಣೆ ಮುಚ್ಚಿದ್ದರೆ ಘನ ಮೀಟರಿಗೆ 300. ರೋಗಿ ಅಲ್ಲಿ ಅರ್ಧ ಗಂಟೆ ಇದ್ದರೆ ಅವನಿಗೆ ಸಿಗುವುದು 150 ಬೆಕ್ವೆರೆಲ್–ಗಂಟೆ. ಗಾಸ್ಟೈನ್ ಸುರಂಗದ ಹತ್ತು ಗಂಟೆಗಳ ಚಿಕಿತ್ಸೆಯಲ್ಲಿ ಸಿಗುವುದು 4,40,000. ಅದಕ್ಕೆ ಸಮನಾಗಲು ನಮ್ಮ ರೋಗಿ ಸುಮಾರು 2,900 ಸಲ ಸ್ನಾನ ಮಾಡಬೇಕು. ನೀರನ್ನೇ ಹೋಲಿಸಿದರೂ ಮಾತು ಅದೇ: 30 ಎಲ್ಲಿ, 666 ಎಲ್ಲಿ. ಮಲೆನಾಡಿನ ಕೊಳವೆಬಾವಿ ನೀರಿಗೆ ರೇಡಾನ್ ಚಿಕಿತ್ಸೆಯ ಗುಣ ಹಚ್ಚುವ ಯಾವ ಹೇಳಿಕೆಯೂ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಈಗ ಅದೇ ಕೋಣೆಯಲ್ಲಿ ನೀರು ತುಂಬುವ, ತೊಟ್ಟಿ ತೊಳೆಯುವ, ಹಬೆಪೆಟ್ಟಿಗೆಯ ಬಳಿ ನಿಲ್ಲುವ ಪರಿಚಾರಕರ ಲೆಕ್ಕ ಹಾಕಬೇಕು. ಒಬ್ಬ ರೋಗಿಯ ನಂತರ ಇನ್ನೊಬ್ಬ ರೋಗಿ, ಪ್ರತಿ ಸಲವೂ ಹೊಸ ನೀರು. ಶಾಖ ಉಳಿಯಲೆಂದು ಕಿಟಕಿ ಮುಚ್ಚಿದೆ, ಹೊರಗೆ ಆಷಾಢದ ಮಳೆ. ಆ ಗಾಳಿಯ ಮಟ್ಟ ಕೆಲಸದ ವೇಳೆಯಲ್ಲಿ 300ರ ಸುತ್ತಲೇ ಉಳಿದರೆ, ವರ್ಷದ 2,000 ಗಂಟೆಗಳಲ್ಲಿ ಅವರಿಗೆ ಸಿಗುವುದು 6,00,000 ಬೆಕ್ವೆರೆಲ್–ಗಂಟೆ. ಇದು ಗಾಸ್ಟೈನ್ ರೋಗಿಯ ಪೂರ್ತಿ ಚಿಕಿತ್ಸೆಗಿಂತ ಹೆಚ್ಚು. ಅಂತಾರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗದ ಗುಣಕದಂತೆ ವರ್ಷಕ್ಕೆ ಸುಮಾರು 4 ಮಿಲಿಸೀವರ್ಟ್. ಗಾಸ್ಟೈನ್ ರೋಗಿ ಅದನ್ನು ವೈದ್ಯರ ಸಲಹೆಯ ಮೇಲೆ, ತನ್ನ ಕೀಲುನೋವಿಗಾಗಿ, ತಿಳಿದು ಪಡೆಯುತ್ತಾನೆ. ಪರಿಚಾರಕಿ ಅದನ್ನು ತಿಳಿಯದೆ, ಯಾವ ಲಾಭವೂ ಇಲ್ಲದೆ, ವರ್ಷ ವರ್ಷವೂ ಪಡೆಯುತ್ತಾಳೆ. ಇದು ಮೇಲಂಚಿನ ಲೆಕ್ಕವೆಂದು ಒಪ್ಪುತ್ತೇನೆ. ಛಾವಣಿಯ ಮೇಲಿನ ತೊಟ್ಟಿಯಲ್ಲಿ ನಿಂತ ನೀರು ಅಷ್ಟರಲ್ಲಿಯೇ ರೇಡಾನಿನ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಬಾಗಿಲು ತೆರೆದಾಗಲೆಲ್ಲ ಮಟ್ಟ ಇಳಿಯುತ್ತದೆ. ಹೊಸದಾಗಿ ಹೊಮ್ಮಿದ ರೇಡಾನಿನೊಡನೆ ಶ್ವಾಸಕೋಶಕ್ಕೆ ನಿಜವಾಗಿ ಹಾನಿ ಮಾಡುವ ಪೊಲೋನಿಯಂ ಮುಂತಾದ ಮರಿವಸ್ತುಗಳು ಇನ್ನೂ ಪೂರ್ತಿ ಕೂಡಿರುವುದಿಲ್ಲ. ಎದುರು ದಿಕ್ಕಿನಲ್ಲಿಯೂ ಒಂದು ಮಾತಿದೆ: ನೆಲದಿಂದ, ಕಲ್ಲಿನ ಹಾಸಿನಿಂದ ಕೋಣೆಗೆ ನುಸುಳುವ ರೇಡಾನನ್ನು ಇಲ್ಲಿ ಸೇರಿಸಿಯೇ ಇಲ್ಲ, ಸಾಮಾನ್ಯ ಕಟ್ಟಡಗಳಲ್ಲಿ ದೊಡ್ಡ ಪಾಲು ಅದರದೇ. ನಿಜವಾದ ಅಂಕಿ ಯಾವುದೆಂಬುದನ್ನು ಅಳತೆಯೊಂದೇ ಹೇಳಬಲ್ಲದು.

ಇದಕ್ಕೆ ಬರಬಹುದಾದ ಗಟ್ಟಿಯಾದ ಆಕ್ಷೇಪಣೆ, ಇಷ್ಟು ಕಡಿಮೆ ವಿಕಿರಣ ಕೆಡುಕು ಮಾಡುವುದಿಲ್ಲ, ಬದಲಿಗೆ ದೇಹದ ರಕ್ಷಣಾ ಶಕ್ತಿಯನ್ನು ಬಡಿದೆಬ್ಬಿಸುತ್ತದೆ ಎಂಬುದು. ಈ ವಾದದ ನೆಚ್ಚಿನ ಉದಾಹರಣೆ ಜಪಾನಿನ ತೊತ್ತೊರಿ ಪ್ರಾಂತ್ಯದ ಮಿಸಾಸ. ರೇಡಾನ್ ಬುಗ್ಗೆಗಳ ಆ ಊರಿನಲ್ಲಿ ಕ್ಯಾನ್ಸರ್ ಸಾವು ಕಡಿಮೆಯೆಂದು 1992ರ ಒಂದು ಅಧ್ಯಯನ ಹೇಳಿತು. ಅದನ್ನು ಎತ್ತಿ ಹೇಳುವವರು 1998ರ ಮರುಅಧ್ಯಯನವನ್ನು ಹೇಳುವುದಿಲ್ಲ. ಹೆಚ್ಚು ಎಚ್ಚರಿಕೆಯಿಂದ ಲೆಕ್ಕ ಮಾಡಿದಾಗ ಒಟ್ಟು ಕ್ಯಾನ್ಸರ್‌ನಲ್ಲಿ ಅಂಥ ಲಾಭ ಕಾಣಲಿಲ್ಲ. ಗಂಡಸರ ಶ್ವಾಸಕೋಶದ ಕ್ಯಾನ್ಸರ್ ತುಸು ಹೆಚ್ಚಿರುವ ಸೂಚನೆಯೂ ಇತ್ತು. ಸೇರಾ ಡಾರ್ಬಿ ಮತ್ತು ಸಂಗಡಿಗರು 2005ರಲ್ಲಿ ಯುರೋಪಿನ 13 ಅಧ್ಯಯನಗಳನ್ನು ಒಗ್ಗೂಡಿಸಿ, 7,148 ಶ್ವಾಸಕೋಶ ಕ್ಯಾನ್ಸರ್ ರೋಗಿಗಳನ್ನು 14,208 ಇತರರೊಡನೆ ಹೋಲಿಸಿದರು. ಮನೆಯ ಗಾಳಿಯಲ್ಲಿ ಘನ ಮೀಟರಿಗೆ 100 ಬೆಕ್ವೆರೆಲ್ ಹೆಚ್ಚಿದಂತೆ ಕ್ಯಾನ್ಸರ್ ಸಂಭವ ಶೇಕಡ 8.4ರಷ್ಟು ಏರಿತು; ಅಳತೆಯ ಅನಿಶ್ಚಿತತೆಯನ್ನು ಸರಿದೂಗಿಸಿದರೆ ಶೇಕಡ 16. ಇದಕ್ಕಿಂತ ಕೆಳಗೆ ಅಪಾಯವಿಲ್ಲ ಎನ್ನುವ ಗೆರೆ ಅಲ್ಲಿ ಕಾಣಲಿಲ್ಲ. ಭದ್ರಾವತಿಯಂಥ ಕಾರ್ಮಿಕರ ಊರಿಗೆ ಇನ್ನೂ ಮುಖ್ಯವಾದ ಅಂಕಿ ಆ ಅಧ್ಯಯನದಲ್ಲಿಯೇ ಇದೆ: ರೇಡಾನ್ 400 ಬೆಕ್ವೆರೆಲ್ ಇರುವ ಮನೆಯಲ್ಲಿ ಬಾಳಿದ, ಎಂದೂ ಹೊಗೆ ಸೇದದವರಲ್ಲಿ 75 ವಯಸ್ಸಿನೊಳಗೆ ಶ್ವಾಸಕೋಶದ ಕ್ಯಾನ್ಸರ್ ಸಾವಿನ ಸಂಭವ ಶೇಕಡ 0.7, ಸಿಗರೇಟು ಬಿಡದವರಲ್ಲಿ ಶೇಕಡ 16. ಧೂಳಿನಲ್ಲಿ, ಬೀಡಿಯ ಹೊಗೆಯಲ್ಲಿ ದಣಿದ ಎದೆಗೆ ರೇಡಾನಿನ ಕೊಡುಗೆ ಬೇರೆಯೇ ತೂಕದ್ದು. ಗಾಸ್ಟೈನ್ ರೋಗಿಯ ಲಾಭನಷ್ಟದ ತಕ್ಕಡಿಯನ್ನು ಹಾಗೆಯೇ ಎತ್ತಿ ತಂದು ಇಲ್ಲಿ ನಿಲ್ಲಿಸುವುದು ಸಾಧ್ಯವಿಲ್ಲ.

ಎರಡನೆಯ ಆಕ್ಷೇಪಣೆ ನಂಬಿಕೆಯ ಕಡೆಯಿಂದ ಬರುತ್ತದೆ. ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರುತೀರ್ಥ ಎಂಬ ಬೆಚ್ಚನೆಯ ನೀರಿನ ಕೆರೆಯಲ್ಲಿ ಜನ ತಲೆತಲಾಂತರದಿಂದ ಚರ್ಮರೋಗ ವಾಸಿಯಾಗಲೆಂದು ಮೀಯುತ್ತ ಬಂದಿದ್ದಾರೆ. ಇಂಥ ತೀರ್ಥಗಳ ಅನುಭವವನ್ನು ಪ್ರಯೋಗಶಾಲೆಯ ಅಂಕಿಯಿಂದ ತಳ್ಳಿಹಾಕಬಹುದೇ ಎಂದು ಕೇಳುತ್ತಾರೆ. ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಗಂಧಕದ ವಾಸನೆಯ ಬೆಚ್ಚನೆಯ ನೀರು ಮೈಗೆ ಹಿತವೆಂಬುದಕ್ಕೂ ತೀರ್ಥಸ್ನಾನದ ಶ್ರದ್ಧೆಗೂ ರೇಡಾನಿನ ಸಾಕ್ಷಿ ಬೇಕಾಗಿಲ್ಲ. ಬಯಲಿನ ಕೆರೆಯಲ್ಲಿ ರೇಡಾನ್ ನಿಲ್ಲುವುದೂ ಇಲ್ಲ. ಪಶ್ಚಿಮ ಬಂಗಾಳದ ಬಕ್ರೇಶ್ವರದ ಬುಗ್ಗೆಗಳಲ್ಲಿ ಭೌತವಿಜ್ಞಾನಿ ಶ್ಯಾಮದಾಸ ಚಟರ್ಜಿ ಹೀಲಿಯಂ ಇರುವುದನ್ನು ಕಂಡು ಅದನ್ನು ಸಂಗ್ರಹಿಸುವ ಸಂಶೋಧನೆಗೆ ತೊಡಗಿದರು. ಆ ಕೆಲಸದಿಂದ ಕ್ಷೇತ್ರದ ಮಹಿಮೆ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ತೀರ್ಥಕ್ಕೆ ವಿಕಿರಣದ ಪ್ರಶಸ್ತಿ ಅಂಟಿಸಿ ಅದನ್ನು ವೈಜ್ಞಾನಿಕವೆಂದು ಮಾರುವ ಹವಣಿಕೆಗೆ ಮಾತ್ರ ನನ್ನ ವಿರೋಧ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ವಾತರೋಗವೂ ಇದೆ. ಅದನ್ನು ವಾಸಿ ಮಾಡುತ್ತೇವೆಂದು ಸಾರ್ವಜನಿಕರಿಗೆ ಜಾಹೀರಾತು ಕೊಡುವುದು ಅಪರಾಧ. ನೆದರ್‌ಲೆಂಡ್ಸ್‌ನ ಅಣುಸುರಕ್ಷತಾ ಪ್ರಾಧಿಕಾರ 2021ರ ಡಿಸೆಂಬರಿನಲ್ಲಿ ಶಕ್ತಿವರ್ಧಕವೆಂದು ಮಾರುತ್ತಿದ್ದ ಹತ್ತು ಬಗೆಯ ಪದಕ, ಬಳೆ ಮುಂತಾದವುಗಳಲ್ಲಿ ವಿಕಿರಣಶೀಲ ವಸ್ತುವಿದೆಯೆಂದು ಎಚ್ಚರಿಸಿತು. ರೇಡಿಥಾರ್ ಮಾರಿದ ಮನೋಭಾವ ಇನ್ನೂ ಜೀವಂತವಾಗಿದೆ.

ಮೂರನೆಯದು ಬಡ ರೋಗಿಯ ಪರವಾಗಿ ಎತ್ತುವ ಪ್ರಶ್ನೆ: ಆಸ್ಟ್ರಿಯದವನಿಗೆ ದಕ್ಕಿದ್ದು ನಮ್ಮವನಿಗೆ ಏಕೆ ಬೇಡ? ಈ ಪ್ರಶ್ನೆಯ ಹಿಂದಿನ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ಮೇಲಿನ ಪ್ರಯೋಗಗಳಲ್ಲಿ ಆರೋಗ್ಯಧಾಮದ ಎಲ್ಲ ಗುಂಪಿಗೂ ಆರಾಮ ಕೊಟ್ಟ ಬಿಸಿನೀರು, ಅಂಗಮರ್ದನ, ಮೇಲ್ವಿಚಾರಣೆಯ ವ್ಯಾಯಾಮ, ವಿಶ್ರಾಂತಿ ಇವೆಲ್ಲವನ್ನೂ ಶಿವಮೊಗ್ಗದಲ್ಲಿ ರೇಡಾನ್ ಇಲ್ಲದೆ ಕೊಡಬಹುದು. ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಆಯುರ್ವೇದ ಕಾಲೇಜುಗಳಿವೆ. ಬೆನ್ನುಮೂಳೆ ಬಿಗಿಯುವ ರೋಗವನ್ನು ಬೇಗ ಗುರುತಿಸಿ ಔಷಧ ಮತ್ತು ವ್ಯಾಯಾಮ ಆರಂಭಿಸುವುದು ರೇಡಾನ್ ಸುರಂಗಕ್ಕಿಂತ ಎಷ್ಟೋ ಪಾಲು ದೊಡ್ಡ ಉಪಕಾರ.

ಪರಿಚಾರಕರ ಕೋಣೆಗಳನ್ನು ಅಳೆಯುವ ಕೆಲಸ ಕಷ್ಟದ್ದಲ್ಲ. ನೀರಿನ ರೇಡಾನ್ ಅಳೆಯುವ ಉಪಕರಣವೂ, ಗೋಡೆಗೆ ತೂಗುಹಾಕಿ ಮೂರು ತಿಂಗಳು ಬಿಡುವ ಎಲ್‌ಆರ್–115 ಫಿಲ್ಮಿನ ಮಾಪಕವನ್ನು ಬಳಸುವ ಅನುಭವವೂ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಇವೆ. ಇದುವರೆಗಿನ ಅಳತೆಗಳು ಹೆಚ್ಚಾಗಿ ಕುಡಿಯುವ ನೀರನ್ನೂ ವಾಸದ ಮನೆಗಳನ್ನೂ ಕುರಿತವು. ಇನ್ನು ಮುಂದೆ ಬೋರ್‌ವೆಲ್ ನೀರು ಬಳಸುವ ಸ್ನಾನಚಿಕಿತ್ಸೆಯ ಮತ್ತು ಹಬೆಯ ಕೋಣೆಗಳನ್ನು ಅದಕ್ಕೆ ಸೇರಿಸಬೇಕು. ಕಿಟಕಿ ತೆರೆಯದ ಮಳೆಗಾಲದ ಮೂರು ತಿಂಗಳು ತಪ್ಪಬಾರದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಇಂಥ ಚಿಕಿತ್ಸಾಲಯಗಳ ನೋಂದಣಿಯನ್ನು ನವೀಕರಿಸುವಾಗ ಗಾಳಿ ಹೊರಹಾಕುವ ಫ್ಯಾನು ಇದೆಯೇ, ಬೋರಿನ ನೀರನ್ನು ತೆರೆದ ತೊಟ್ಟಿಯಲ್ಲಿ ಗಾಳಿಯಾಡಿಸಿ ಬಳಸುತ್ತಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಜಿಲ್ಲಾ ಆಡಳಿತ ಕೇಳಿದರೆ ಸಾಕು. ಅಳತೆ 100ಕ್ಕಿಂತ ಕೆಳಗೆ ಬಂದರೆ ವಿಷಯ ಅಲ್ಲಿಗೆ ಮುಗಿಯಿತು. 300ರ ಹತ್ತಿರ ಬಂದರೆ ಫ್ಯಾನು ಹಾಕುವ ಖರ್ಚು ಮಾಲೀಕರದು. ಆ ಅಂಕಿಯನ್ನು ಮೊದಲು ತಿಳಿಸಬೇಕಾದದ್ದು ಅಲ್ಲಿ ದುಡಿಯುವವರಿಗೆ.